ಯಂತ್ರದ ವಿಳಾಸಪಟ್ಟಿ ಯಾರ ಕೈಯಲ್ಲಿರಬೇಕು?

ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳು ಸ್ವಯಂಚಾಲಿತ ಯಂತ್ರ ಕೊಂಡಾಗ ಇನ್‌ವಾಯ್ಸ್, ವಾರಂಟಿ, ವಿಮಾ ಪತ್ರ, ಬ್ಯಾಂಕಿನ ಸಾಲಪತ್ರ ಎಲ್ಲವನ್ನೂ ಜೋಪಾನವಾಗಿ ಕಡತಕ್ಕೆ ಸೇರಿಸುತ್ತವೆ. ಆದರೆ ಆ ಯಂತ್ರವನ್ನು ನಡೆಸುವ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿಎಲ್‌ಸಿಯ ಇನ್‌ಪುಟ್-ಔಟ್‌ಪುಟ್ ವಿಳಾಸಪಟ್ಟಿ ಕಡತದಲ್ಲಿ ಇರುವುದು ಅಪರೂಪ. ವಿಚಾರಿಸಿದರೆ, ‘ಅದು ಎಂಜಿನಿಯರುಗಳ ವಿಷಯ’ ಎಂಬ ಉತ್ತರ ದೊರೆಯುತ್ತದೆ. ಈ ಉತ್ತರವನ್ನು ಒಪ್ಪಲಾಗದು.

ವಿಳಾಸವೆಂದರೇನು ಎಂಬುದನ್ನು ಲೆಕ್ಕ ಬರೆಯುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಜರ್ನಲ್ ನಮೂದಿನ ಪಕ್ಕದಲ್ಲಿ ಲೆಡ್ಜರ್ ಫೋಲಿಯೊ ಇರುವಂತೆ, ಕಂಟ್ರೋಲರಿಗೆ ಬರುವ ಪ್ರತಿಯೊಂದು ತಂತಿಗೂ ಅದರ ಸ್ಮೃತಿಯಲ್ಲಿ ಒಂದು ನಿಗದಿತ ಸ್ಥಾನವಿದೆ. ಸೀಮೆನ್ಸ್ ಪದ್ಧತಿಯಲ್ಲಿ ಐ 0.0 ಎಂಬುದು ಮೊದಲ ಇನ್‌ಪುಟ್, ಕ್ಯೂ 0.0 ಮೊದಲ ಔಟ್‌ಪುಟ್. ಚುಕ್ಕೆಯ ಮೊದಲಿನ ಅಂಕಿ ಬೈಟ್, ನಂತರದ್ದು ಬಿಟ್. ಬೈಟಿಗೆ ಎಂಟೇ ಬಿಟ್‌ಗಳಾದುದರಿಂದ ಐ 0.7ರ ಮುಂದೆ ಐ 1.0 ಬರುತ್ತದೆ. ಮಿತ್ಸುಬಿಷಿಯ ಎಫ್ಎಕ್ಸ್ ಶ್ರೇಣಿಯಲ್ಲಿ ಎಕ್ಸ್ 7 ಆದೊಡನೆ ಎಕ್ಸ್ 10. ನಡುವಿನ ಎಂಟು, ಒಂಬತ್ತು ಕಾಣೆಯಾಗಿವೆಯೆಂದು ಲೆಕ್ಕಿಗನು ಗಾಬರಿಪಡಬೇಕಿಲ್ಲ, ಅದು ಎಂಟರ ಎಣಿಕೆ. ಅಲೆನ್-ಬ್ರಾಡ್ಲಿಯ ಎಸ್ಎಲ್‌ಸಿ 500ರಲ್ಲಿ ಐ:1/0 ಎಂದರೆ ಒಂದನೆಯ ಸ್ಲಾಟಿನಲ್ಲಿ ಕುಳಿತ ಕಾರ್ಡಿನ ಮೊದಲ ಬಿಂದು. 1993ರಲ್ಲಿ ಪ್ರಕಟವಾದ ಐಇಸಿ 61131-3 ಮಾನಕವು ಏಕರೂಪದ ಬರವಣಿಗೆಯನ್ನು ಸೂಚಿಸಿತಾದರೂ ತಯಾರಕರು ತಮ್ಮ ತಮ್ಮ ರೂಢಿಯನ್ನು ಪೂರ್ತಿ ಬಿಟ್ಟಿಲ್ಲ.

ಕಂಟ್ರೋಲರು ಇನ್‌ಪುಟ್‌ಗಳನ್ನೆಲ್ಲ ಓದಿಕೊಂಡು, ಪ್ರೋಗ್ರಾಮನ್ನು ನಡೆಸಿ, ಫಲಿತಾಂಶವನ್ನು ಔಟ್‌ಪುಟ್‌ಗಳಿಗೆ ಕಳುಹಿಸುತ್ತದೆ. ಇದನ್ನೇ ಸೆಕೆಂಡಿಗೆ ಹಲವಾರು ಬಾರಿ ಮಾಡುತ್ತದೆ. ಐ 0.3ರ ತುದಿಯಲ್ಲಿರುವುದು ಬಾಗಿಲ ಸ್ವಿಚ್ಚೋ ಸೆನ್ಸರೋ ಅದಕ್ಕೆ ತಿಳಿಯದು. ಅದು ತಿಳಿಯುವುದು ಪಟ್ಟಿಯಿಂದ ಮಾತ್ರ.

ಒಂದು ಪ್ಯಾಕಿಂಗ್ ಯಂತ್ರದ ಒಂದೇ ಒಂದು ಇನ್‌ಪುಟ್ ಬಿಂದು ಸುಟ್ಟಿತೆನ್ನೋಣ. ಎಲೆಕ್ಟ್ರಿಷಿಯನ್ನನು ತಂತಿಯನ್ನು ಪಕ್ಕದ ಖಾಲಿ ಬಿಂದುವಿಗೆ ಹಾಕಬಲ್ಲ. ಆದರೆ ಪ್ರೋಗ್ರಾಮು ಹಳೆಯ ವಿಳಾಸವನ್ನೇ ನೋಡುತ್ತಿರುವುದರಿಂದ ಯಂತ್ರ ಕದಲುವುದಿಲ್ಲ. ಪ್ರೋಗ್ರಾಮನ್ನು ತಿದ್ದಲು ಹೊರಟರೆ ಪಾಸ್‌ವರ್ಡ್ ಸರಬರಾಜುದಾರನ ಬಳಿ. ಪಾಸ್‌ವರ್ಡ್ ಇಲ್ಲದಿದ್ದರೂ ಕಷ್ಟ ತೀರದು: ಎಸ್7-300ರಂತಹ ಹಳೆಯ ಮಾದರಿಗಳಿಂದ ಪ್ರೋಗ್ರಾಮನ್ನು ಹಿಂದಕ್ಕೆ ಇಳಿಸಿಕೊಂಡಾಗ ಹೆಸರುಗಳೂ ಟಿಪ್ಪಣಿಗಳೂ ಬರುವುದಿಲ್ಲ, ಬರಿಯ ವಿಳಾಸಗಳು ಬರುತ್ತವೆ. ಖಾತೆಯ ಹೆಸರೇ ಇಲ್ಲದೆ ಪುಟಸಂಖ್ಯೆ ಮಾತ್ರ ಇರುವ ಲೆಡ್ಜರನ್ನು ತಾಳೆ ನೋಡುವ ಕೆಲಸ ಎಷ್ಟು ದಿನ ಹಿಡಿಯುವುದೆಂದು ಓದುಗರೇ ಊಹಿಸಬಹುದು. ಅಷ್ಟು ದಿನವೂ ಕೂಲಿ, ಬಾಡಿಗೆ, ಬ್ಯಾಂಕ್ ಬಡ್ಡಿ ನಿಲ್ಲುವುದಿಲ್ಲ.

ಸ್ಥಿರಾಸ್ತಿಗಳ ಸಂಪೂರ್ಣ ವಿವರ, ಪರಿಮಾಣ ಹಾಗೂ ಇರುವ ಸ್ಥಳದ ದಾಖಲೆ ಸರಿಯಾಗಿದೆಯೇ ಎಂದು ಲೆಕ್ಕಪರಿಶೋಧಕರು ವರದಿ ಮಾಡಬೇಕೆಂದು, ತನಗೆ ಒಳಪಡುವ ಕಂಪನಿಗಳ ಮಟ್ಟಿಗೆ, 2020ರ ಕಾರೋ ಆದೇಶ ಹೇಳುತ್ತದೆ. ವಿಳಾಸಪಟ್ಟಿಯನ್ನು ಅದು ಕೇಳುವುದಿಲ್ಲ, ನಿಜ. ಆದರೆ ಕಾನೂನು ಕೇಳಿದ್ದನ್ನಷ್ಟೇ ಇಟ್ಟುಕೊಳ್ಳುವ ಉದ್ಯಮಿ ತನ್ನ ಆಸ್ತಿಯನ್ನು ಅರ್ಧವಷ್ಟೇ ಕಾಯ್ದುಕೊಂಡಂತೆ.

ಪ್ರೋಗ್ರಾಮು ತಮ್ಮ ಬೌದ್ಧಿಕ ಸ್ವತ್ತೆಂದು ಸರಬರಾಜುದಾರರು ಆಕ್ಷೇಪಿಸುತ್ತಾರೆ. ತರ್ಕದ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. ಯಾವ ತಂತಿ ಯಾವ ಬಿಂದುವಿಗೆ ಸೇರಿದೆ ಎಂಬುದು ಮಾತ್ರ ಯಾರ ಗುಟ್ಟೂ ಅಲ್ಲ. ಅದಕ್ಕೆ ಹಣ ಕೊಟ್ಟವನು ಖರೀದಿದಾರ. ಆದುದರಿಂದ ಖರೀದಿ ಆದೇಶದಲ್ಲಿಯೇ ವಿಳಾಸಪಟ್ಟಿ, ಟಿಪ್ಪಣಿಸಹಿತ ಪ್ರೋಗ್ರಾಮಿನ ಪ್ರತಿ ಮತ್ತು ಪಾಸ್‌ವರ್ಡ್ ಕೈಸೇರುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತು ಇರಬೇಕು. ಹಣ ಪಾವತಿಯಾದ ಮೇಲೆ ಕೇಳಿದರೆ ಫೋನ್ ಎತ್ತುವವರೂ ಕಡಿಮೆ.

ಪಟ್ಟಿಯ ಒಂದು ಪ್ರತಿ ಪ್ಯಾನೆಲ್ಲಿನ ಬಾಗಿಲೊಳಗೆ, ಇನ್ನೊಂದು ಸ್ಥಿರಾಸ್ತಿ ವಹಿಯ ಕ್ರಮಸಂಖ್ಯೆಯೊಂದಿಗೆ ಕಚೇರಿಯಲ್ಲಿ ಇರಲಿ. ತಂತಿಯೊಂದನ್ನು ಬದಲಿಸಿದ ದಿನವೇ ಎರಡೂ ಪ್ರತಿಗಳಲ್ಲಿ ತಿದ್ದುಪಡಿ, ತಾರೀಖು ಮತ್ತು ಬದಲಿಸಿದವರ ಸಹಿ ಬೀಳಬೇಕು.