ಎಂಟು ದಿನ ಕಡಿಮೆ

2025ರ ಜೂನ್ 9ರಂದು ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿತು. ಕೇಕ್ ತರಲಿಲ್ಲ, ನಮ್ಮ ಮನೆಯಲ್ಲಿ ಆ ರೂಢಿಯಿಲ್ಲ. ಅತ್ತೆ ಶ್ಯಾವಿಗೆ ಪಾಯಸ ಮಾಡಿ ಓಣಿಯ ಮಕ್ಕಳಿಗೆಲ್ಲ ಹಂಚಿದರು. ಹೊಸ ಫ್ರಾಕ್ ತೊಟ್ಟ ಮಗಳದ್ದು ಬೆಳಗಿನಿಂದ ಒಂದೇ ಪ್ರಶ್ನೆ: "ಅಮ್ಮೀ, ನಾನು ದೊಡ್ಡವಳಾದೆನಲ್ಲ, ಸ್ಕೂಲಿಗೆ ಯಾವಾಗ?"

ಏನು ಹೇಳಲಿ? ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ಸರಕಾರ 2022ರ ಜುಲೈನಲ್ಲಿ ಆದೇಶ ಮಾಡಿತು. ಅದನ್ನು 2025-26ರಿಂದ ಜಾರಿಗೆ ತರುವುದೆಂದಾಯಿತು. ಯುಕೆಜಿ ಮುಗಿಸಿದ್ದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾಗಿದ್ದರೂ ಸಾಕೆಂದು ಸಡಿಲಿಸಿದರು. ಹಿಂದಕ್ಕೆ ಎಣಿಸಿದರೆ ಎಲ್‌ಕೆಜಿಗೆ 4 ತುಂಬಿರಬೇಕು. ನಮ್ಮವಳಿಗೆ ಎಂಟು ದಿನ ಕಡಿಮೆ!

ಪರಿಚಯದವರೊಬ್ಬರು ದಾರಿ ತೋರಿಸಿದರು. "ಮೇ ತಿಂಗಳ ತಾರೀಖು ಹಾಕಿಸಿ ಇನ್ನೊಂದು ಸರ್ಟಿಫಿಕೇಟ್ ಮಾಡಿಸ್ರಿ. ಎಂಟ್ ದಿನಾ ಯಾರ್ ನೋಡ್ತಾರ?" ಸಹೋದರಿಯರೇ, ನಾನು ಒಪ್ಪಿಯೇಬಿಟ್ಟಿದ್ದೆ. ಎದುರು ಮನೆಯ ಮಗು ಟೈ ಕಟ್ಟಿಕೊಂಡು ಆಟೋ ಹತ್ತುವಾಗ ನನ್ನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅದನ್ನು ಕಂಡ ಯಾವ ತಾಯಿಗೆ ಎಂಟು ದಿನ ದೊಡ್ಡ ಸುಳ್ಳೆನಿಸುತ್ತದೆ?

ತಡೆದವರು ಮಾವ. ಅವರು ಹುಟ್ಟಿದ್ದು 1966ರಲ್ಲಿ, ಜೋಳದ ಸುಗ್ಗಿಯ ದಿನಗಳಲ್ಲಿ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ನಮ್ಮ ಇಂಡಿ ಕಡೆ ಸುಗ್ಗಿಯೆಂದರೆ ಜನವರಿ, ಫೆಬ್ರವರಿ. ಆದರೆ ಶಾಲೆಗೆ ಸೇರಿಸಲು ವಯಸ್ಸು ಸಾಲದೆಂದು ಮಾಸ್ತರರು 1965ರ ಜೂನ್ 1 ಎಂದು ಬರೆದುಕೊಂಡರು. ಆ ಕಾಲದ ಎಷ್ಟು ಜನ ಜೂನ್ 1ರಂದೇ 'ಹುಟ್ಟಿದ್ದಾರೆ' ಎಂದು ನಿಮ್ಮ ಮನೆಯ ಹಿರಿಯರ ಕಾಗದಪತ್ರ ತೆಗೆದು ನೋಡಿ, ನಗು ಬರುತ್ತದೆ. ಮಾವನವರಿಗೆ ಮಾತ್ರ ನಗು ಬರಲಿಲ್ಲ. ಸರಕಾರಿ ನೌಕರಿಯಲ್ಲಿದ್ದ ಅವರು 2025ರ ಮೇ 31ಕ್ಕೆ ನಿವೃತ್ತರಾದರು. ನಿಜವಾದ ತಾರೀಖು ಇದ್ದಿದ್ದರೆ ಇನ್ನೂ ಎಂಟೊಂಬತ್ತು ತಿಂಗಳ ಸಂಬಳ ಬರುತ್ತಿತ್ತು.

"ಮಾಸ್ತರರು ನನ್ನ ಒಳ್ಳೆಯದಕ್ಕೇ ಬರೆದರು ಬೇಟಿ" ಎಂದರು ಅವರು. "ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಇವಳನ್ನೂ ನೀವು ಕೇಳುತ್ತಿಲ್ಲ."

ಮರುದಿನ ಮಗಳ ಕೈಹಿಡಿದು ಓಣಿಯ ಅಂಗನವಾಡಿಗೇ ಹೋದೆ. 1975ರಲ್ಲಿ ಶುರುವಾದ ಈ ಯೋಜನೆಗೆ ಐವತ್ತು ತುಂಬಿದ ವರ್ಷವದು. ಆದರೂ ನಾವು ಅಂಗನವಾಡಿಯೆಂದರೆ ಮೂಗು ಮುರಿಯುತ್ತೇವೆ, ನಾನೂ ಮುರಿದವಳೇ. ಮನೆಯಲ್ಲಿ ಉರ್ದು ಮಾತ್ರ ಆಡುತ್ತಿದ್ದ ಹುಡುಗಿ ಒಂದೇ ತಿಂಗಳಲ್ಲಿ "ಟೀಚರ್, ನೀರ್ ಕುಡದ್ ಬರ್ತೀನ್ರಿ" ಎನ್ನತೊಡಗಿದಳು.

ನಮ್ಮ ಹಿರಿಯರಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನವಾದಾಗ 'ಬಿಸ್ಮಿಲ್ಲಾ' ಮಾಡಿಸುವ ಪದ್ಧತಿಯಿದೆ. ಇದು ಧರ್ಮದ ಕಡ್ಡಾಯವಲ್ಲ, ಬರೀ ರೂಢಿ. ಅಕ್ಟೋಬರ್ 13ಕ್ಕೆ ಆ ದಿನ ಬಂತು. ದಾದಾನ ತೊಡೆಯ ಮೇಲೆ ಕುಳಿತು ಬಿಸ್ಮಿಲ್ಲಾ ಹೇಳಿದಳು. ಆಮೇಲೆ ಅಂಗನವಾಡಿಯಿಂದ ಕಲಿತು ಬಂದ ಅ, ಆ, ಇ, ಈಯನ್ನೂ ಯಾರೂ ಕೇಳದೆಯೇ ಒಪ್ಪಿಸಿ, ಬೂಂದಿಯ ತಟ್ಟೆಗೆ ಕೈ ಹಾಕಿದಳು.