ಗುದ್ದಾಟವೂ ಮನೆಯ ಮಾತೂ

"ಚಿತ್ರಕಥೆಯೆಂದರೆ ಹೊಡೆದಾಟವಿರಲಿ. ಅಮ್ಮನ ಕಣ್ಣೀರು, ಹೆಂಡತಿಯ ಮುನಿಸು ಅಲ್ಲಿ ಯಾಕೆ? ಮಕ್ಕಳು ಪುಟ ಮಗುಚಿಬಿಡುತ್ತಾರೆ." ಗೋವೆಯ ವಾಸ್ಕೋದಲ್ಲಿ ನಮ್ಮವರು ನಾಲ್ಕು ಮಂದಿ ಸೇರಿದಲ್ಲಿ ಈ ಮಾತು ಕೇಳುತ್ತೇನೆ. ಕಾಸರಗೋಡಿನಿಂದ ಬಂದು ಇಲ್ಲಿ ನೆಲೆಸಿದ ನಾನು ಇದನ್ನು ಒಪ್ಪಲಾರೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರು ಆಡಬಹುದಾದ ಮಾತಲ್ಲ ಇದು.

ಬಭ್ರುವಾಹನ ಕಾಳಗವನ್ನೇ ನೋಡಿ. ಯಾಗದ ಕುದುರೆಯನ್ನು ಒಪ್ಪಿಸಿ ತಂದೆಯ ಕಾಲಿಗೆರಗಲು ಬಂದ ಮಗನನ್ನು ಅರ್ಜುನ ಹೀಗಳೆಯುತ್ತಾನೆ. ಆಮೇಲಿನ ಒಂದೊಂದು ಬಾಣವೂ ಮನೆಯ ಜಗಳವೇ. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಆದರೂ ಕದಲದೆ ಕೂರುತ್ತೇವೆ. ಯಾರು ಗೆಲ್ಲುತ್ತಾರೆಂದು ತಿಳಿಯಲಿಕ್ಕಲ್ಲ, ಅದು ಮೊದಲೇ ಗೊತ್ತು. ಗೆದ್ದ ಮಗ ತಾಯಿ ಚಿತ್ರಾಂಗದೆಗೆ ಏನು ಹೇಳುತ್ತಾನೆಂದು ಕೇಳಲಿಕ್ಕೆ.

ಅಮೆರಿಕದ ಸ್ಪೈಡರ್‌ಮ್ಯಾನ್ 1962ರಲ್ಲಿ ಹುಟ್ಟಿದ್ದೂ ಹೀಗೆಯೇ. ಓಡುತ್ತಿದ್ದ ಕಳ್ಳನನ್ನು ತನಗೇನೆಂದು ಹುಡುಗ ಬಿಟ್ಟುಬಿಟ್ಟ; ಅದೇ ಕಳ್ಳ ಅವನನ್ನು ಸಾಕಿದ ದೊಡ್ಡಪ್ಪನನ್ನು ಕೊಂದ. 1973ರ ಸಂಚಿಕೆಯೊಂದರಲ್ಲಿ, ಸೇತುವೆಯಿಂದ ಬೀಳುತ್ತಿದ್ದ ಪ್ರಿಯತಮೆ ಗ್ವೆನ್‌ಳನ್ನು ಅವನು ತನ್ನ ಬಲೆಯಿಂದ ಹಿಡಿಯುತ್ತಾನೆ. ಕೈಗೆ ಬರುವುದು ಹೆಣ. ಆ ಪುಟದಲ್ಲಿ ಸಾಹಸ ಎಷ್ಟು, ಸಂಸಾರ ಎಷ್ಟು ಎಂದು ಯಾರಾದರೂ ಬೇರ್ಪಡಿಸಿ ತೋರಿಸಲಿ!

ಹಾಗೆಂದು ನಾಲ್ಕು ಪುಟ ಗುದ್ದಾಟ, ನಾಲ್ಕು ಪುಟ ಗೋಳು ಎಂದು ತಕ್ಕಡಿಯಲ್ಲಿ ತೂಗಿ ಕೊಡುವುದೂ ಬೇಡ. ಮನೆಯ ಸಂಕಟದಿಂದ ಕಾಳಗ ಹುಟ್ಟಬೇಕು. ಕಾಳಗದ ಗಾಯ ಮನೆಗೆ ಬರಬೇಕು.

ಮಲಯಾಳದಲ್ಲಿ 1983ರಲ್ಲಿ ಹುಟ್ಟಿದ ಡಿಂಕನ್, ಕನ್ನಡ 'ಬಾಲಮಂಗಳ'ದಲ್ಲಿ ಡಿಂಗನಾಗಿ ನಮ್ಮ ಮಕ್ಕಳನ್ನೂ ನಗಿಸಿದ. ಕರೆದಾಗ ಹಾರಿಬಂದು, ಗುದ್ದಿ, ಹೋಗುವ ಇಲಿ. ಪುಟ್ಟ ಮಕ್ಕಳಿಗೆ ಅಷ್ಟು ಸಾಕು. ಹನ್ನೆರಡು ದಾಟಿದವರಿಗೆ ಕನ್ನಡದಲ್ಲಿ ಏನಿದೆ? ಅವರು ಇಂಗ್ಲಿಷಿಗೆ ಹೋದರು. ಗಂಭೀರವಾದ ದುಃಖಕ್ಕೆ ಇಂಗ್ಲಿಷೇ ಬೇಕು, ಕನ್ನಡವೇನಿದ್ದರೂ ಇಲಿಮರಿಗೆ ಎಂದು ಅವರಿಗೆ ಅನಿಸಿದರೆ ತಪ್ಪು ಯಾರದು?

ಗೋವೆಯ ಮನೆಗಳಿಂದ ಹಡಗಿಗೆ, ಕಾಸರಗೋಡಿನ ಮನೆಗಳಿಂದ ಗಲ್ಫಿಗೆ ದುಡಿಯಲು ಹೋದವರಿದ್ದಾರೆ. ಊರಿನ ಕಣ್ಣಿಗೆ ಅವರು ಶೂರರು. ರಜೆಯಲ್ಲಿ ಬಂದಾಗ ಸ್ವಂತ ಮಗುವೇ ಹತ್ತಿರ ಸುಳಿಯುವುದಿಲ್ಲ. ಎರಡು ಬಾಳು ಬಾಳುವ ವೀರನ ಕಥೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ನಮ್ಮ ಕನ್ನಡ, ಮಲಯಾಳ ಲೇಖಕರೂ ಚಿತ್ರಕಾರರೂ ಜೊತೆಗೂಡಿ ಇಂಥದೊಂದು ಎಂಟು ಪುಟದ ಚಿತ್ರಕಥೆಯನ್ನು ಮುಂದಿನ ವಾರ್ಷಿಕಕ್ಕಾದರೂ ಕೊಡಲಿ. ಮಕ್ಕಳು ಪುಟ ಮಗುಚುತ್ತಾರೋ ಇಲ್ಲವೋ ಆಗ ನೋಡೋಣ.