ನಕ್ಷೆ ತಪ್ಪಾದರೆ ತಿದ್ದುವ ಕೈ ಯಾರದು?

ಬಸ್ ಸ್ಟ್ಯಾಂಡಿನಲ್ಲಿ ಇಳಿದ ಪರಸ್ಥಳದವರು ಈಗ ಬೀಡಾ ಅಂಗಡಿಯವನನ್ನು ದಾರಿ ಕೇಳುವುದಿಲ್ಲ. ಮೊಬೈಲನ್ನು ಕೇಳುತ್ತಾರೆ. ಅದು ಎಡಕ್ಕೆ ಹೋಗು ಅಂದರೆ ಎಡಕ್ಕೆ. ಎಡಕ್ಕೆ ಹೋದರೆ ಎದುರಿಗೆ ಗೋಡೆ. ಕೊನೆಗೆ ವಾಪಸು ಬಂದು ಬೀಡಾ ಅಂಗಡಿಯವನನ್ನೇ ಕೇಳುವುದು ಬೇರೆ ಮಾತು.

ನಗುವ ವಿಷಯವಲ್ಲ ಇದು. ಬಾಗಿಲು ತೆರೆದು ಕೂತ ಅಂಗಡಿಯನ್ನು ನಕ್ಷೆ 'ಮುಚ್ಚಿದೆ' ಎಂದು ತೋರಿಸಿದರೆ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಬಸ್ ಸ್ಟಾಪಿನ ಕಂಬ ಕಿತ್ತು ನೂರು ಗಜ ಆಚೆ ನೆಟ್ಟವರು ನಕ್ಷೆಯಲ್ಲಿ ಅದನ್ನು ಕೀಳದೆ ಬಿಟ್ಟರೆ, ಹಳೇ ಜಾಗದಲ್ಲಿ ಕಾಯುವವರ ಮುಂದೆಯೇ ಬಸ್ಸು ಹಾದುಹೋಗುತ್ತದೆ. ಆಂಬುಲೆನ್ಸಿನ ಡ್ರೈವರನಿಗೆ ದಾರಿ ತಪ್ಪಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಈ ನಕ್ಷೆ ತಿದ್ದುವವರು ಯಾರು?

ಮೊಬೈಲಿನಲ್ಲಿ ಕಾಣುವುದು ಬರೀ ಚಿತ್ರ. ಅಸಲು ಸರಕು ಅದರ ಹಿಂದೆ ಇರುವ ದೊಡ್ಡ ಖಾತೆ ಪುಸ್ತಕ. ಕಂಪ್ಯೂಟರಿನವರು ಅದಕ್ಕೆ ಡೇಟಾಬೇಸ್ ಅಂತಾರೆ. ಆ ಪುಸ್ತಕದಲ್ಲಿ ಒಂದು ಅಂಗಡಿಯ ಜಾಗ ಅಂದರೆ ಎರಡು ಅಂಕಿ: ಅಕ್ಷಾಂಶ, ರೇಖಾಂಶ. ರಸ್ತೆ ಅಂದರೆ ಅಂಥ ಚುಕ್ಕಿಗಳನ್ನು ಪೋಣಿಸಿದ ಸರ. ಸರದ ಎರಡು ತುದಿ ಸೇರಿಸಿ ಗಂಟು ಹಾಕಿದರೆ ಕೆರೆ, ಆಟದ ಮೈದಾನ, ವಾರ್ಡು. ಪ್ರತಿಯೊಂದಕ್ಕೂ ಹೆಸರಿನ ಖಾನೆ ಬೇರೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿ ಆಯಿತು, ಬೆಳಗಾಂ ಬೆಳಗಾವಿ ಆಯಿತು, ಒಟ್ಟು ಹನ್ನೆರಡು ಊರುಗಳ ಹೆಸರು ಬದಲಾಯಿತು. ಬೋರ್ಡು ಬರೆಯುವವರಿಗೆ ಅದು ತಿಂಗಳುಗಟ್ಟಲೆ ಕೆಲಸ. ಖಾತೆ ಪುಸ್ತಕದಲ್ಲಾದರೆ ಊರಿಗೊಂದು ಖಾನೆ ತಿದ್ದಿದರೆ ಮುಗಿಯಿತು.

ಈ ಪುಸ್ತಕ ಓದಿ ಚಿತ್ರ ತೋರಿಸುವ ವೆಬ್ ಅಪ್ಲಿಕೇಶನ್ ಕಟ್ಟುವುದು ಈಗ ದೊಡ್ಡ ವಿದ್ಯೆಯೇನಲ್ಲ. ಪುಸ್ತಕದೊಳಗೆ ಬರೆಯಲು ಬಿಡುವ ಅಪ್ಲಿಕೇಶನ್ ಕಟ್ಟುವುದೇ ಕಷ್ಟ. ಬರೆದವನು ಯಾರು, ಸರಿಯಾಗಿ ಬರೆದನೋ ಇಲ್ಲವೋ, ಕಿಡಿಗೇಡಿ ಬರೆದರೆ ಅಳಿಸುವುದು ಹೇಗೆ, ಇಷ್ಟಕ್ಕೂ ಮೊದಲೇ ಉತ್ತರ ಇಟ್ಟುಕೊಂಡಿರಬೇಕು.

ಒಂದು ಸಣ್ಣ ತಪ್ಪಿನ ಕಥೆ ನೋಡಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶ, 77.6 ಡಿಗ್ರಿ ರೇಖಾಂಶದಲ್ಲಿ. ಜನ ಅಕ್ಷಾಂಶ ಮೊದಲು ಹೇಳುತ್ತಾರೆ. ಜಿಯೋಜೇಸನ್ ಎಂಬ ಬಹಳ ಬಳಕೆಯ ಬರವಣಿಗೆ ಕ್ರಮದಲ್ಲಿ ರೇಖಾಂಶ ಮೊದಲು. ಎರಡು ಅಂಕಿ ಅದಲುಬದಲಾದರೆ ಬೆಂಗಳೂರಿನ ಅಂಗಡಿ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ಹೋಗಿ ಕೂರುತ್ತದೆ. ಅಲ್ಲಿಗೆ ಗಿರಾಕಿ ಹೋಗುವುದು ಹೇಗೆ? ಇನ್ನು ಅಂಕಿಯ ಬಾಲ ಕತ್ತರಿಸುವವರಿದ್ದಾರೆ. ದಶಮಾಂಶ ಬಿಂದುವಿನ ಮುಂದೆ ಐದು ಅಂಕಿ ಇದ್ದರೆ ಜಾಗ ಹೆಚ್ಚು ಕಡಿಮೆ ಒಂದು ಮೀಟರಿನ ಲೆಕ್ಕಕ್ಕೆ ಸಿಗುತ್ತದೆ. ಎರಡೇ ಅಂಕಿ ಇಟ್ಟರೆ ಒಂದು ಕಿಲೋಮೀಟರಿನ ಲೆಕ್ಕ. ಪೇಟೆ ಬೀದಿಯ ಅಂಗಡಿ ಕೆರೆ ಏರಿಗೆ ಹೋದೀತು. ಗುರುತು ತಾಲ್ಲೂಕಿನ ಗಡಿ ದಾಟಿದರೆ 'ಸ್ವಲ್ಪ ನೋಡಿ ಸ್ವಾಮಿ' ಅಂತ ತಡೆದು ನಿಲ್ಲಿಸುವ ಏರ್ಪಾಡು ಅಪ್ಲಿಕೇಶನ್ನಿನಲ್ಲೇ ಇರಬೇಕು.

ಒಂದೇ ರಸ್ತೆಯನ್ನು ಇಬ್ಬರು ಒಟ್ಟಿಗೆ ತಿದ್ದಲು ಕೂತರೆ? 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಇದಕ್ಕೆ ದಾರಿ ಕಂಡುಕೊಂಡಿದೆ. ಅಲ್ಲಿ ಪ್ರತಿ ವಸ್ತುವಿಗೂ ಆವೃತ್ತಿ ಸಂಖ್ಯೆ. ನೀವು ಮೂರನೆಯದನ್ನು ತಿದ್ದುತ್ತಿರುವಾಗ ಇನ್ನೊಬ್ಬ ನಾಲ್ಕನೆಯದನ್ನು ಬರೆದು ಮುಗಿಸಿದ್ದರೆ ನಿಮ್ಮದನ್ನು ಯಂತ್ರ ವಾಪಸು ಕಳಿಸುತ್ತದೆ: ಹೊಸದನ್ನು ನೋಡಿ ಆಮೇಲೆ ಬನ್ನಿ ಅಂತ. ಹಳೆಯದು ಅಳಿಸಿಹೋಗುವುದಿಲ್ಲ, ಯಾವ ಖಾತೆಯಿಂದ ಯಾವಾಗ ತಿದ್ದಿದರೆಂದು ದಾಖಲೆ ಇರುತ್ತದೆ. ಕಿರ್ದಿ ಬರೆಯುವ ಸಾಹುಕಾರರಿಗೆ ಇದು ಹೊಸದಲ್ಲ. ತಪ್ಪು ಬಿದ್ದರೆ ಹಾಳೆ ಹರಿಯಬಾರದು, ಗೀಟು ಹಾಕಿ ಪಕ್ಕದಲ್ಲಿ ಬರೆಯಬೇಕು. ಅದೇ ನಿಯಮ. ಕನ್ನಡದ ಹೆಸರಿಗೆ ಅಲ್ಲಿ ಪ್ರತ್ಯೇಕ ಖಾನೆಯೂ ಉಂಟು, ತುಂಬುವವರು ಬೇಕು ಅಷ್ಟೆ. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ನಾನಾ ದೇಶದ ಜನ ಉಪಗ್ರಹದ ಫೋಟೋ ನೋಡಿ ಕೆಲವೇ ದಿನದಲ್ಲಿ ರಾಜಧಾನಿಯ ಬೀದಿಗಳನ್ನು ಬರೆದುಕೊಟ್ಟರು. ಪರಿಹಾರಕ್ಕೆ ಹೋದವರು ಆ ನಕ್ಷೆ ಹಿಡಿದು ಓಡಾಡಿದರು.

ಎಲ್ಲರ ಕೈಗೂ ಪೆನ್ನು ಕೊಟ್ಟರೆ ಗೋಡೆ ಬರಹವೂ ಬರುತ್ತದೆ, ಸುಳ್ಳಲ್ಲ. 2018ರಲ್ಲಿ ಯಾರೋ ನ್ಯೂಯಾರ್ಕಿನ ಹೆಸರು ತೆಗೆದು ಯಹೂದಿಗಳನ್ನು ಹೀಯಾಳಿಸುವ ಪದ ಹಾಕಿದರು. ಓಪನ್‌ಸ್ಟ್ರೀಟ್‌ಮ್ಯಾಪಿನ ಸ್ವಯಂಸೇವಕರು ಅದನ್ನು ಬೇಗನೆ ಅಳಿಸಿದರು. ಆದರೆ ಅಲ್ಲಿಂದ ನಕಲು ಒಯ್ದಿದ್ದ ಮ್ಯಾಪ್‌ಬಾಕ್ಸ್ ಕಂಪನಿಯ ನಕ್ಷೆಯಲ್ಲಿ ಆ ಪದ ಆಗಸ್ಟ್ ಕೊನೆಯಲ್ಲಿ ಹೊರಬಿದ್ದು ಸ್ನ್ಯಾಪ್‌ಚಾಟಿನಲ್ಲಿ ಜಗತ್ತೆಲ್ಲ ನೋಡಿತು. ಮೂಲ ಸರಿಯಾದರೂ ನಕಲು ಹಳೆಯದೇ ಉಳಿಯಿತು. ಅದಕ್ಕೇ ನಕ್ಷೆಯ ಮೂಲೆಯಲ್ಲಿ ಯಾವತ್ತಿನ ಲೆಕ್ಕ ಇದು ಅಂತ ತಾರೀಕು ಬೇಕು.

ಇನ್ನೊಂದು ಪ್ರಶ್ನೆ, ಪುಸ್ತಕ ಯಾರ ಗಲ್ಲಾಪೆಟ್ಟಿಗೆಯಲ್ಲಿದೆ ಎಂಬುದು. ಗೂಗಲ್ ಕಂಪನಿ 2008ರಲ್ಲಿ ಮ್ಯಾಪ್ ಮೇಕರ್ ತೆರೆಯಿತು. ಭಾರತದಲ್ಲಿ ಎಷ್ಟೋ ಜನ ಸಂಬಳವಿಲ್ಲದೆ ತಮ್ಮೂರಿನ ರಸ್ತೆ, ಗಲ್ಲಿ, ಗುಡಿಗಳನ್ನು ಬರೆದುಕೊಟ್ಟರು. 2017ರಲ್ಲಿ ಕಂಪನಿ ಅದನ್ನು ಮುಚ್ಚಿತು. ಈಗಲೂ ತಿದ್ದುಪಡಿ ಸೂಚಿಸಬಹುದು, ಒಪ್ಪುವುದು ಬಿಡುವುದು ಕಂಪನಿಯ ಮರ್ಜಿ. ಊರಿನ ಬೀದಿಯ ಲೆಕ್ಕ ಊರಿನವರ ಕೈಯಲ್ಲಿ ಇರಬೇಕಾದ್ದು ಇದಕ್ಕೇ.

ಸರ್ಕಾರದ ಕಡೆ ಏನೂ ಇಲ್ಲ ಎನ್ನುವಂತಿಲ್ಲ. ರಾಜ್ಯ ದೂರಸಂವೇದಿ ಕೇಂದ್ರದ ದಿಶಾಂಕ್ ಆ್ಯಪಿನಲ್ಲಿ ರೈತ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಒಳ್ಳೆಯ ಕೆಲಸ. ಆದರೆ ಅದು ತೋರಿಸುವ ನಕ್ಷೆ, ಜನ ಬರೆಯುವ ನಕ್ಷೆಯಲ್ಲ. ಜಮೀನಿನ ಗಡಿಯನ್ನು ದಾರಿಹೋಕರು ತಿದ್ದಬಾರದು, ಒಪ್ಪೋಣ. ಬಸ್ ಸ್ಟಾಪು, ಔಷಧದ ಅಂಗಡಿ, ಒಡೆದ ಮೋರಿ, ಮುಚ್ಚಿದ ರಸ್ತೆ, ಇವನ್ನು ತಿದ್ದಲು ಜನರಿಗೆ ಏನು ಅಡ್ಡಿ?

ದುಡ್ಡಿಲ್ಲ ಎಂಬ ರಾಗ ಇಲ್ಲಿ ನಡೆಯದು. ಖಾತೆ ಪುಸ್ತಕಕ್ಕೆ ಪೋಸ್ಟ್‌ಜಿಐಎಸ್, ಚಿತ್ರ ತೋರಿಸಲು ಲೀಫ್ಲೆಟ್, ಓಪನ್‌ಲೇಯರ್ಸ್. ಮೂರೂ ಕಾಸು ಕೊಡದೆ ಸಿಗುವ ತಂತ್ರಾಂಶ. ಕಾನೂನಿನ ನೆಪವೂ ಸಲ್ಲದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಸೂಕ್ಷ್ಮ ವಿಷಯಗಳಿಗೆ ಇರುವ ಕಟ್ಟುಪಾಡು ಬಿಟ್ಟರೆ, ಭಾರತೀಯರು ನಕ್ಷೆಯ ಮಾಹಿತಿ ಸಂಗ್ರಹಿಸಲು ಮುಂಗಡ ಅನುಮತಿಗೆ ಅಲೆಯಬೇಕಾಗಿಲ್ಲ.

ನಗರಸಭೆ, ಪುರಸಭೆಗಳು ನಕ್ಷೆಯ ಆ್ಯಪಿಗೆ ಟೆಂಡರ್ ಕರೆಯುವಾಗ ಉದ್ಘಾಟನೆಯ ದಿನ ಥಳಥಳಿಸುವ ಬಣ್ಣವೊಂದನ್ನೇ ಕೇಳಿದರೆ ಸಾಲದು. ತಿದ್ದುವ ಗುಂಡಿ ಎಲ್ಲಿ, ತಿದ್ದಿದ್ದರ ದಾಖಲೆ ಎಲ್ಲಿ, ಎಷ್ಟು ದಿನದೊಳಗೆ ಒಪ್ಪಿಗೆ ಅಥವಾ ಕಾರಣ ಸಹಿತ ನಿರಾಕರಣೆ, ಇಷ್ಟನ್ನೂ ಕರಾರಿನಲ್ಲಿ ಬರೆಸಬೇಕು. ಕನ್ನಡದಲ್ಲಿ ಬರೆದರೆ ಸ್ವೀಕರಿಸುವಂತಿರಬೇಕು. ಬಂದ ತಿದ್ದುಪಡಿ ನಿಜವೋ ಸುಳ್ಳೋ ನೋಡಿಬರಲು ಜನ ಇಲ್ಲ ಅಂದಾರು. ತೆರಿಗೆಗೆ ಬರುವ ಬಿಲ್ ಕಲೆಕ್ಟರು ಹೇಗೂ ಬೀದಿ ಬೀದಿ ಸುತ್ತುತ್ತಾರೆ. ಮೊದಲು ಅವರ ಮೊಬೈಲಿಗೇ ಈ ಆ್ಯಪು ಹಾಕಿಕೊಡಲಿ.